ಕೆಂಪಕ್ಕಿ ತಿಂದರೂ ಹಿಮೋಗ್ಲೋಬಿನ್ ಏರಿಲ್ಲ, ಯಾಕೆ?

ಪ್ರಶ್ನೆ: ಆರು ತಿಂಗಳಿಂದ ಬಿಳಿ ಅಕ್ಕಿ ಬಿಟ್ಟು ಕೆಂಪಕ್ಕಿ ಅನ್ನವನ್ನೇ ಅಗಿದು ಅಗಿದು ತಿನ್ನುತ್ತಿದ್ದೇನೆ. ಹಿಮೋಗ್ಲೋಬಿನ್ ಮಾತ್ರ 9.8ರಲ್ಲೇ ನಿಂತಿದೆ. ಆ ಕೆಂಪು ಬಣ್ಣ ಕಬ್ಬಿಣದ್ದೇ ಅಲ್ವಾ?

ಉತ್ತರ 1: ಅಲ್ಲ, ಬಣ್ಣ ತೌಡಿನಲ್ಲಿರುವ ಸಸ್ಯ ಸಂಯುಕ್ತಗಳಾದ ಪಾಲಿಫಿನಾಲ್‌ಗಳದ್ದು. ಪಾಲಿಶ್ ಮಾಡದ ಅಕ್ಕಿಯಲ್ಲಿ 100 ಗ್ರಾಂಗೆ ಸುಮಾರು 1ರಿಂದ 2 ಮಿಲಿಗ್ರಾಂ ಕಬ್ಬಿಣ, ಅಷ್ಟೇ. ಪಾಲಿಶ್ ಮಾಡಿದರೆ ಅದೂ ಬಹುಪಾಲು ತೌಡಿನ ಜೊತೆ ಹೋಗುತ್ತದೆ. ತಮಾಷೆ ಅಂದರೆ, ಅದೇ ತೌಡಿನಲ್ಲಿ ಫೈಟಿಕ್ ಆಮ್ಲವೂ ಇದೆ. ಅದು ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದುಕೊಂಡು ಮೈಗೆ ಹತ್ತಲು ಬಿಡುವುದಿಲ್ಲ.

ಪ್ರಶ್ನೆ ಕೇಳಿದವರು: ಅಯ್ಯೋ! ಕೈ ತೊಳೆದ ಕೂಡಲೇ ನನಗೆ ಚಹಾ ಬೇರೆ ಬೇಕು.

ಉತ್ತರ 2: ಚಹಾ ಕೂಡ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ, ಮೊದಲು ಅದನ್ನು ಊಟದ ನಂತರ ಒಂದೆರಡು ಗಂಟೆ ಮುಂದೆ ಹಾಕಿ. ಅನ್ನಕ್ಕೆ ನಿಂಬೆರಸ ಹಿಂಡಿಕೊಳ್ಳಿ, ವಿಟಮಿನ್ ಸಿ ಇದ್ದರೆ ಮೈ ಕಬ್ಬಿಣವನ್ನು ಜಾಸ್ತಿ ಹೀರಿಕೊಳ್ಳುತ್ತದೆ. ಆದರೆ 9.8 ಅಕ್ಕಿ ಬದಲಿಸಿ ಏರಿಸುವ ಸಂಖ್ಯೆ ಅಲ್ಲ. ಸುಮ್ನೆ ಕಾಯಬೇಡಿ, ವೈದ್ಯರ ಹತ್ತಿರ ಫೆರಿಟಿನ್ (ಮೈಯಲ್ಲಿ ಕಬ್ಬಿಣ ಎಷ್ಟು ಸಂಗ್ರಹವಿದೆ ಎಂದು ತೋರಿಸುವ ರಕ್ತ) ಪರೀಕ್ಷೆ ಕೇಳಿ.