43ಕ್ಕೆ ಎಂಬಿಎ: ಕೆಲಸ ಬಿಟ್ಟು ಮಾಡ್ಬೇಕಾ, ವೀಕೆಂಡ್ ಸಾಕಾ?

ಗೇರ್‌ಬಾಕ್ಸ್: ನಂಗೀಗ 43. ಪೀಣ್ಯದಲ್ಲಿ ಒಂದು ಕಂಪನೀಲಿ ಪ್ಲಾಂಟ್ ಹೆಡ್, 20 ವರ್ಷ ಸರ್ವಿಸ್. ಡಿಪ್ಲೊಮಾ ಮಾಡಿ ಆಮೇಲೆ ಈವ್ನಿಂಗ್ ಕಾಲೇಜಲ್ಲಿ ಬಿಇ ಮುಗಿಸ್ದೋನು. ಮೀಟಿಂಗಲ್ಲಿ ಫೈನಾನ್ಸ್‌ನೋರು ವರ್ಕಿಂಗ್ ಕ್ಯಾಪಿಟಲ್ ಅಂತ ಶುರು ಹಚ್ಕೊಂಡ್ರೆ ನಾನು ನೀರಿನ ಬಾಟ್ಲಿ ಲೇಬಲ್ ಓದ್ತಾ ಕೂತಿರ್ತೀನಿ. ಬನ್ನೇರುಘಟ್ಟ ರಸ್ತೆ ಐಐಎಂನಲ್ಲಿ ಎರಡು ದಾರಿ ಇದೆ, ಕೆಲಸ ಬಿಟ್ಟು ಒಂದು ವರ್ಷದ ಇಪಿಜಿಪಿ, ಇಲ್ಲಾಂದ್ರೆ ಕೆಲಸದ ಜೊತೆಗೇ ಎರಡು ವರ್ಷದ ಪಿಜಿಪಿಇಎಂ. ಯಾವ್ದು ಮಾಡ್ಲಿ?

ಎಚ್ಚಾರ್‌ಅಕ್ಕ: ಈ ವಯಸ್ಸಲ್ಲಿ ಕೆಲಸ ಬಿಡ್ಬೇಡಿ ಸರ್. ಒಂದು ವರ್ಷದ ಕೋರ್ಸಲ್ಲಿ ಮೂವತ್ತರ ಆಸುಪಾಸಿನೋರೇ ಜಾಸ್ತಿ, ಕ್ಯಾಂಪಸ್‌ಗೆ ಬರೋ ಕಂಪನಿಗಳು ಪ್ಲಾಂಟ್ ಹೆಡ್ ಹುಡುಕ್ಕೊಂಡು ಬರಲ್ಲ. ಡಿಪ್ಲೊಮಾ ಹಿನ್ನೆಲೆಯೋರಿಗೆ ಮಧ್ಯ ಗ್ಯಾಪ್ ಬಿದ್ರೆ ಇನ್ನೂ ಕಷ್ಟ.

ರಾಗಿಮುದ್ದೆ77: "ಡಿಪ್ಲೊಮಾ ಹಿನ್ನೆಲೆ" ಅಂತೆ! ನಿಮ್ ಐಐಎಂಗಳೂ ಅಷ್ಟು ವರ್ಷ ಕೊಡ್ತಿದ್ದಿದ್ದು ಡಿಪ್ಲೊಮಾನೇ ಮೇಡಂ. 2017ರ ಐಐಎಂ ಕಾಯ್ದೆ 2018ರಲ್ಲಿ ಜಾರಿ ಆದ್ಮೇಲೆ ತಾನೇ ಡಿಗ್ರಿ ಕೊಡೋ ಅಧಿಕಾರ ಸಿಕ್ಕಿದ್ದು?

ಎಚ್ಚಾರ್‌ಅಕ್ಕ: ಅದು ಪಿಜಿ ಡಿಪ್ಲೊಮಾ ಸ್ವಾಮಿ, ಎಸ್ಸೆಸ್ಸೆಲ್ಸಿ ಆದ್ಮೇಲೆ ಮಾಡೋ ಪಾಲಿಟೆಕ್ನಿಕ್ ಅಲ್ಲ. ಬೆಣ್ಣೆಹಣ್ಣಲ್ಲಿ ಬೆಣ್ಣೆ ಇರತ್ತಾ?

ರಾಗಿಮುದ್ದೆ77: ಇರಲ್ಲ, ಆದ್ರೆ ರೇಟು ಮಾತ್ರ ಬೆಣ್ಣೇದೇ, ಅದನ್ನೇ ನಾನೂ ಹೇಳ್ತಿರೋದು. ಪಾಲಿಟೆಕ್ನಿಕ್ ಹುಡುಗ್ರು ಲೇತ್ ಮುಂದೆ ನಿಂತು ಮಾಡಿದ್ದನ್ನ ಪಿಪಿಟಿ ಮಾಡಿ ತೋರ್ಸೋರು ನೀವು.

ಹುಬ್ಳಿಮಂದಿ: ಏನ್ರೀ ಇದು, ಅವರು ಕೇಳಿದ್ದ ಬ್ಯಾರೆ, ನೀವು ಬಡದಾಡೋದ ಬ್ಯಾರೆ. ರೊಕ್ಕದ ಮಾತಾಡ್ರಿ. ಇಪಿಜಿಪಿ ಅಂದ್ರ ಫೀ 25 ಲಕ್ಷದ ಮ್ಯಾಲ, ವರ್ಷದ ಪಗಾರನೂ ಹೋತು. ಆದ್ರ ಓದಾಕ ಸಾಲ ತಗೊಂಡ್ರ ಅದರ ಬಡ್ಡಿಗೆ 8 ವರ್ಷ ಟ್ಯಾಕ್ಸ್ ವಿನಾಯ್ತಿ ಐತಿ.

ಲೆಕ್ಕಪತ್ರ: ಹಳೇ ಟ್ಯಾಕ್ಸ್ ರೆಜೀಮ್‌ನಲ್ಲಿ ಮಾತ್ರ. ಹೊಸದ್ರಲ್ಲಿ ಸೊನ್ನೆ. ಅರ್ಧ ಹೇಳಿ ಜನರನ್ನ ಸಾಲಕ್ಕೆ ತಳ್ಬೇಡಿ.

ಹುಬ್ಳಿಮಂದಿ: ತಳ್ಳಾಕ ನಾ ಏನ್ ಬ್ಯಾಂಕಿನ ಏಜೆಂಟ್ ಏನ್ರೀ?

ಒಂಟಿಕೊಪ್ಪಲ್: ಮೈಸೂರು ಮುಕ್ತ ವಿವಿಯಲ್ಲೂ ಎಂಬಿಎ ಇದೆ, ಐಐಎಂ ಫೀಸಿನ ಬಡ್ಡಿ ದುಡ್ಡಲ್ಲೇ ಮುಗ್ದೋಗತ್ತೆ. ನಾನು ಓದಿದ್ದು ಅಲ್ಲೇ, ಏನೂ ಕಮ್ಮಿ ಆಗಿಲ್ಲ.

ಎಚ್ಚಾರ್‌ಅಕ್ಕ: ಅದರ ಯುಜಿಸಿ ಮಾನ್ಯತೆ ಹೋಗಿ ಸಾವಿರಾರು ಜನ ಪರದಾಡಿದ್ದು ಮರ್ತೋಯ್ತಾ?

ಒಂಟಿಕೊಪ್ಪಲ್: 2018ರಲ್ಲಿ ವಾಪಸ್ ಬಂತಲ್ಲ ಮೇಡಂ, ಅದು ಗೊತ್ತಿಲ್ವಾ ಅಥವಾ ಗೊತ್ತಿದ್ದೂ ಹೇಳ್ಲಿಲ್ವಾ?

ರಾಗಿಮುದ್ದೆ77: ಅಕ್ಕಂಗೆ 2018 ಅಂದ್ರೆ ಆಗ್ಬರಲ್ಲ ಬಿಡಿ 😄

ಎಚ್ಚಾರ್‌ಅಕ್ಕ: ಹದಿನೈದು ವರ್ಷದಿಂದ ರೆಸ್ಯೂಮೆ ನೋಡ್ತಿದೀನಿ, ಯಾವ ಕಾಗದಕ್ಕೆ ಎಷ್ಟು ಬೆಲೆ ಅಂತ ನಿಮ್ಮಿಂದ ಕಲೀಬೇಕಿಲ್ಲ. ಒಳ್ಳೇದು ಹೇಳೋಕ್ ಬಂದಿದ್ದೇ ನನ್ ತಪ್ಪು. ಇನ್ಮೇಲೆ ಈ ಚರ್ಚೆಗೆ ಬರಲ್ಲ.

ಎಚ್ಚಾರ್‌ಅಕ್ಕ: ಮತ್ತೆ, ಪಿಜಿ ಡಿಪ್ಲೊಮಾನ ಎಂಬಿಎಗೆ ಸಮ ಅಂತ ಕಂಪನಿಗಳು ಮೊದ್ಲಿಂದ್ಲೂ ಒಪ್ಕೊಂಡೇ ಬಂದಿವೆ. ಅಷ್ಟೇ.

ರಾಗಿಮುದ್ದೆ77: "ಸಮ" ಅಂದ್ರೆ "ಅದೇ" ಅಲ್ಲ. ಒಪ್ಕೊಂಡ್ರಲ್ಲ, ಸಾಕು.

ಗೇರ್‌ಬಾಕ್ಸ್: ಸ್ವಾಮಿ, ನಾನು ಕೇಳಿದ್ದು ಇಪಿಜಿಪಿನಾ ಪಿಜಿಪಿಇಎಂನಾ ಅಂತ. ಈಗಾಗ್ಲೇ ಜಿಮ್ಯಾಟ್ ಪ್ರವೇಶ ಪರೀಕ್ಷೆಗೆ ಓದೋಕೆ ಶುರು ಮಾಡಿದೀನಿ, ರಾತ್ರಿ ಎಸ್ಸೆಸ್ಸೆಲ್ಸಿ ಓದೋ ಮಗಳ ಟೇಬಲ್‌ನಲ್ಲೇ ಕೂರೋದು, ಜಾಮಿಟ್ರಿ ಲೆಕ್ಕ ತಪ್ಪಿದ್ರೆ ಅವ್ಳೇ ಕೆಂಪು ಪೆನ್ನಲ್ಲಿ ತಿದ್ತಾಳೆ.

ಲೆಕ್ಕಪತ್ರ: ಈಗಿನ ಜಿಮ್ಯಾಟ್‌ನಲ್ಲಿ ಜಾಮಿಟ್ರಿನೇ ಇಲ್ಲ ಸರ್. ಯಾವ್ದೋ ಹಳೇ ಪುಸ್ತಕ ತಗೊಂಡಿದೀರ.

ಗೇರ್‌ಬಾಕ್ಸ್: ಅಯ್ಯೋ. ಎರಡು ತಿಂಗಳಿಂದ ತ್ರಿಕೋನ ಬರೀತಿದೀನಲ್ರೀ.