ಯಜಮಾನರಿಗೆ 6.5, ನನಗೆ 8: ಇವುಗಳಲ್ಲಿ ಯಾವುದು ಹೆಚ್ಚು?

ಹಾಸನ ಮೂಲ, ಈಗ ಬ್ರಾಂಪ್ಟನ್:
ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಊರಿನಲ್ಲಿದ್ದಾಗ ಬೆಂಗಳೂರಿಗೆ ಹೋಗಿ ಬರೆದ ಐಇಎಲ್‌ಟಿಎಸ್ ಜನರಲ್ ಎಂಬ ಇಂಗ್ಲಿಷ್ ಪರೀಕ್ಷೆಯ ಮಾತಿನ ವಿಭಾಗದಲ್ಲಿ 6.5 ಬಂದಿದೆ. ನಾನು ಇಲ್ಲಿಗೆ ಬಂದ ಮೇಲೆ ಬರೆದ ಸೆಲ್ಪಿಪ್ ಎಂಬ ಕೆನಡಾದ ಇಂಗ್ಲಿಷ್ ಪರೀಕ್ಷೆಯಲ್ಲಿ ಅದೇ ವಿಭಾಗಕ್ಕೆ 8 ಬಂದಿದೆ. ಕೆನಡಾದಲ್ಲಿ ಕಾಯಂ ನೆಲೆಸುವ ಅರ್ಜಿಯನ್ನು ಯಾರ ಹೆಸರಿನಲ್ಲಿ ಹಾಕಬೇಕೆಂಬುದೇ ಮನೆಯಲ್ಲಿ ದೊಡ್ಡ ಚರ್ಚೆಯಾಗಿದ್ದು, ಮಗಳು ಒಂದನೇ ತರಗತಿಗೆ ಸೇರುವುದರೊಳಗೆ ಇದು ಇತ್ಯರ್ಥವಾಗಬೇಕಾಗಿದೆ.

ಚಿಕ್ಕಮಗಳೂರು ಮೂಲ, ಲಂಡನ್:
ಲೆಕ್ಕ ಸರಳವಾಗಿದೆ. ಐಇಎಲ್‌ಟಿಎಸ್‌ನ 9ಕ್ಕೆ 6.5 ಎಂದರೆ ಶೇಕಡಾ 72. ಸೆಲ್ಪಿಪ್‌ನ 12ಕ್ಕೆ 8 ಎಂದರೆ ಶೇಕಡಾ 67. ನಿಮ್ಮ ಯಜಮಾನರೇ ಮುಂದಿದ್ದಾರೆ. ನನಗಂತೂ ಮೊದಲ ಪ್ರಯತ್ನದಲ್ಲೇ 8 ಬಂದಿತ್ತು, ಅದೂ ಐಇಎಲ್‌ಟಿಎಸ್‌ನಲ್ಲಿ.

ಅರಸೀಕೆರೆ ಮೂಲ, ಕ್ಯಾಲ್ಗರಿ:
ದಯವಿಟ್ಟು ಶೇಕಡಾವಾರು ಲೆಕ್ಕ ಹಾಕಬೇಡಿ. ಸೇರಿನ ಅಳತೆಯನ್ನೂ ಮೊಳದ ಅಳತೆಯನ್ನೂ ಭಾಗಿಸಿ ಹೋಲಿಸಿದಂತಾಗುತ್ತದೆ. ಐಇಎಲ್‌ಟಿಎಸ್‌ನಲ್ಲಿ ಪರೀಕ್ಷಕರೊಂದಿಗೆ 11ರಿಂದ 14 ನಿಮಿಷ ಸಂಭಾಷಣೆ ನಡೆಯುತ್ತದೆ. ಸೆಲ್ಪಿಪ್‌ನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಮೈಕಿನಲ್ಲಿ 8 ಪ್ರಶ್ನೆಗಳಿಗೆ ಉತ್ತರಿಸಬೇಕು. ಕೆನಡಾ ಸರ್ಕಾರ ಇವೆರಡನ್ನೂ ತನ್ನದೇ ಆದ ಸಿಎಲ್‌ಬಿ ಎಂಬ ಭಾಷಾ ಸಾಮರ್ಥ್ಯದ ಮಟ್ಟಕ್ಕೆ ಪರಿವರ್ತಿಸಿಯೇ ನೋಡುತ್ತದೆ. ಆ ಪಟ್ಟಿಯ ಪ್ರಕಾರ ಮಾತಿನಲ್ಲಿ ಐಇಎಲ್‌ಟಿಎಸ್ 6.5 ಎಂದರೂ ಸಿಎಲ್‌ಬಿ 8, ಸೆಲ್ಪಿಪ್ 8 ಎಂದರೂ ಸಿಎಲ್‌ಬಿ 8. ನೀವಿಬ್ಬರೂ ಸಮಾನರು, ಜಗಳ ಬೇಡ! ಉಳಿದ ಮೂರು ವಿಭಾಗಗಳನ್ನು ಪ್ರತ್ಯೇಕವಾಗಿ ನೋಡಿ: ಸಿಎಲ್‌ಬಿ 9ಕ್ಕೆ ಐಇಎಲ್‌ಟಿಎಸ್‌ನ ಮಾತಿನಲ್ಲಿ 7 ಸಾಕು, ಆದರೆ ಆಲಿಸುವಿಕೆಯಲ್ಲಿ 8 ಬೇಕು. ಫಲಿತಾಂಶಕ್ಕೆ 2 ವರ್ಷ ಮಾತ್ರ ಮಾನ್ಯತೆ ಇರುವುದರಿಂದ ಯಜಮಾನರ ಪರೀಕ್ಷೆಯ ದಿನಾಂಕವನ್ನೂ ಪರಿಶೀಲಿಸಿ.

ಮೂಡಿಗೆರೆ ಮೂಲ, ಟೊರಾಂಟೊ:
ಮೂವತ್ತು ವರ್ಷಗಳಿಂದ ಇಲ್ಲಿದ್ದೇನೆ, ಹೇಳುತ್ತೇನೆ ಕೇಳಿ. ಈ ಅಂಕಗಳೆಲ್ಲ ಕಾಗದದ ಹುಲಿ. ನನ್ನ ಮಗನಿಗೆ ಯಾವ ಪರೀಕ್ಷೆ ಕೊಟ್ಟರೂ ಇಂಗ್ಲಿಷ್ ಮಾತಿಗೆ ಪೂರ್ಣ ಅಂಕ ಬರುತ್ತದೆ. ಆದರೆ ತೋಟದ ಮನೆಯಲ್ಲಿ ಅವನ ಅಜ್ಜಿ "ಊಟ ಆಯ್ತೇನೋ ಮಗಾ" ಎಂದು ಕೇಳಿದಾಗ ಅವನು ನನ್ನ ಮುಖ ನೋಡುತ್ತಾನೆ. ಆ ಮಾತಿಗೆ ಎಷ್ಟು ಬ್ಯಾಂಡ್ ಅಂಕ ಕೊಡುತ್ತೀರಿ? ಮೊದಲು ಮಗಳ ಕನ್ನಡವನ್ನು ಅಳೆಯಿರಿ.

ಬೇಲೂರು ಮೂಲ, ಮೆಲ್ಬರ್ನ್:
ಹಿರಿಯರು ನೂರಕ್ಕೆ ನೂರು ಸತ್ಯವನ್ನೇ ಹೇಳಿದ್ದಾರೆ. ನಾವು ಪಿಟಿಇ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ 90ಕ್ಕೆ ಎಷ್ಟು ಬಂತೆಂದು ಲೆಕ್ಕ ಹಾಕುತ್ತಾ ಕುಳಿತ ವರ್ಷದಲ್ಲೇ ನಮ್ಮ ಮಗಳು ಕನ್ನಡದಲ್ಲಿ ಉತ್ತರಿಸುವುದನ್ನು ಬಿಟ್ಟಳು.

ಹಾಸನ ಮೂಲ, ಈಗ ಬ್ರಾಂಪ್ಟನ್:
ಮೂಡಿಗೆರೆಯ ಅಣ್ಣನವರ ಮಾತು ಓದಿ ಕಣ್ಣು ತುಂಬಿ ಬಂತು. ಇಂದಿನಿಂದಲೇ ಮಗಳಿಗೆ ಕನ್ನಡ ಪಾಠ ಆರಂಭಿಸುತ್ತೇವೆ. ಅಂದಹಾಗೆ, 6.5ಕ್ಕಿಂತ 8 ಹೆಚ್ಚೇ ಅಲ್ಲವೇ? ಅರ್ಜಿಯನ್ನು ನನ್ನ ಹೆಸರಿನಲ್ಲೇ ಹಾಕಿಬಿಡಲೇ?