ಬೈಬಲ್ ಜೊತೆ ಕಾದಂಬರಿ, ಹಾಡು, ಸಿನಿಮಾ: ನೀವು ಹೇಗೆ ಓದಿದಿರಿ?

ಕೇಳಿದ್ದು, ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲಿಷ್ ಎಂ.ಎ. ಮೊದಲ ವರ್ಷದಲ್ಲಿದ್ದೇನೆ. ಮನೆಯಲ್ಲಿ ರಾಮಾಯಣ, ಭಾರತ ಕೇಳಿಕೊಂಡು ಬೆಳೆದವಳು, ಬೈಬಲ್ ಮುಟ್ಟಿಯೇ ಇರಲಿಲ್ಲ. ಈಗ ಯಾವ ಪುಸ್ತಕ ತೆಗೆದರೂ ಅಲ್ಲಿ ಬೈಬಲ್ ಬರುತ್ತದೆ. ಅಡಿಟಿಪ್ಪಣಿಯಲ್ಲಿ ಅಧ್ಯಾಯ, ವಚನದ ನಂಬರ್ ಇರುತ್ತದೆ, ತೆಗೆದು ನೋಡಿದರೆ ಎರಡು ಸಾಲು, ಅಷ್ಟರಿಂದ ಏನೂ ಹಿಡಿಯುವುದಿಲ್ಲ. ರಜೆಯಲ್ಲಿ ಮೊದಲ ಪುಟದಿಂದ ಓದೋಣ ಅಂತ ಕೂತೆ. ಆದಿಕಾಂಡ ಚೆನ್ನಾಗಿ ಓಡಿತು. ವಿಮೋಚನಕಾಂಡದ ಅರ್ಧದಿಂದ ಗುಡಾರದ ಅಳತೆಗಳು ಶುರುವಾದವು, ಯಾಜಕಕಾಂಡಕ್ಕೆ ಬರುವಷ್ಟರಲ್ಲಿ ನಿಂತೇಬಿಟ್ಟೆ. ನಿಮ್ಮಲ್ಲಿ ಯಾರಾದರೂ ಸಾಹಿತ್ಯ, ಸಿನಿಮಾ ಜೊತೆ ಇಟ್ಟುಕೊಂಡು ಬೈಬಲ್ ಓದಿದ್ದರೆ ಹೇಗೆ ಓದಿದಿರಿ, ಎಲ್ಲಿಂದ ಶುರುಮಾಡಿದಿರಿ, ದಯವಿಟ್ಟು ಹೇಳಿ.

ಧಾರವಾಡದಿಂದ

ಯಾಜಕಕಾಂಡದಲ್ಲಿ ನಿಲ್ಲುವವರು ನೀವೊಬ್ಬರೇ ಅಲ್ಲ. ನಾವು ಎಂಟು ಜನ ಭಾನುವಾರ ಸಂಜೆ ಒಬ್ಬರ ಮನೆಯಲ್ಲಿ ಸೇರಿ ಓದುತ್ತೇವೆ, ನಾಲ್ಕು ವರ್ಷವಾಯಿತು. ಇಬ್ಬರು ಮಾತ್ರ ಕ್ರೈಸ್ತರು. ಮೊದಲ ಸಲ ನಾವೂ ಮೊದಲ ಪುಟದಿಂದ ಶುರುಮಾಡಿ ಅಲ್ಲೇ ಬಿಟ್ಟಿದ್ದೆವು.

ನೀವು ಭಾರತ ಕೇಳಿ ಬೆಳೆದೆ ಅಂದಿರಲ್ಲ, ಸ್ವಲ್ಪ ಯೋಚಿಸಿ. ಆದಿಪರ್ವದ ಮೊದಲ ಶ್ಲೋಕದಿಂದ ಶುರುಮಾಡಿ ಭಾರತ ಕಲಿತವರು ನಮ್ಮಲ್ಲಿ ಯಾರಿದ್ದಾರೆ? ಅಜ್ಜಿ ಹೇಳಿದ್ದು ಒಂದು, ಬಯಲಾಟದಲ್ಲಿ ನೋಡಿದ್ದು ಒಂದು, ಗಮಕದಲ್ಲಿ ಕೇಳಿದ್ದು ಒಂದು, ರಾಜಕುಮಾರ್ ಅವರ ಬಬ್ರುವಾಹನ ಸಿನಿಮಾ ಒಂದು. ಹೀಗೆ ತುಂಡು ತುಂಡಾಗಿ ಒಳಗೆ ಹೋಗಿ, ಆಮೇಲೆ ಪುಸ್ತಕ ತೆಗೆದಾಗ ಎಲ್ಲಾ ತಾನೇ ಕೂಡಿಕೊಂಡಿತು. ಬೈಬಲ್ಲಿಗೂ ಅದೇ ದಾರಿ ಹಿಡಿಯಿರಿ. ಒಂದು ಕತೆ, ಅದರ ಜೊತೆಗೆ ಒಂದೇ ಒಂದು ಕೃತಿ. ಮೊದಲು ಬೈಬಲ್ಲಿನ ಅಧ್ಯಾಯ ಪೂರ್ತಿ, ಆಮೇಲೆ ಹಾಡೋ ಕಾದಂಬರಿಯೋ, ಆಮೇಲೆ ಮತ್ತೆ ಅದೇ ಅಧ್ಯಾಯ. ಎರಡನೇ ಓದಿನಲ್ಲಿ ಒಂದೇ ವಿಷಯ ನೋಡಬೇಕು: ಕವಿ ಏನು ಬಿಟ್ಟ, ಏನು ಬದಲಿಸಿದ? 'ಇದು ಅಲ್ಲಿಂದ ಬಂದದ್ದು' ಅಂತ ಗುರುತಿಸಿ ಸುಮ್ನೆ ಮುಂದೆ ಹೋದರೆ ಅಡಿಟಿಪ್ಪಣಿ ಓದಿದ ಹಾಗೆಯೇ ಆಗುತ್ತದೆ.

ನಮಗೆ ಇದು ಅರ್ಥವಾದದ್ದು ಇಸ್ರಾಯೇಲಿನ ರಾಜ ದಾವೀದನ ಕತೆಯಿಂದ. ಲಿಯೊನಾರ್ಡ್ ಕೋಹೆನ್ ಅವರ ಹಲ್ಲೆಲೂಯ ಕೇಳಿರುತ್ತೀರಿ, 1984ರ ಹಾಡು, ಈಗ ಹಾಡಿನ ಸ್ಪರ್ಧೆಗಳಲ್ಲೆಲ್ಲ ಬರುತ್ತದೆ. ಅದರಲ್ಲಿ ಹೆಂಗಸು ಮಾಳಿಗೆಯ ಮೇಲೆ ಸ್ನಾನ ಮಾಡುತ್ತಿರುತ್ತಾಳೆ. ಎರಡನೇ ಸಮುವೇಲ 11ನೇ ಅಧ್ಯಾಯ ತೆಗೆಯಿರಿ, ಅಲ್ಲಿ ಮಾಳಿಗೆಯ ಮೇಲೆ ಇರುವವನು ರಾಜ. ಅರಸರು ಯುದ್ಧಕ್ಕೆ ಹೊರಡುವ ಕಾಲ ಅದು, ಇವನು ಮಾತ್ರ ಯೆರೂಸಲೇಮಿನಲ್ಲಿ ಉಳಿದಿದ್ದಾನೆ, ಸಂಜೆ ಎದ್ದು ಅರಮನೆಯ ಮಾಳಿಗೆ ಮೇಲೆ ತಿರುಗಾಡುತ್ತಾ ಬತ್ಷೆಬೆಯನ್ನು ಕಾಣುತ್ತಾನೆ. ಯಾರು ಎಲ್ಲಿದ್ದರು ಅನ್ನುವುದು ಸಣ್ಣ ವಿಷಯ ಅಲ್ಲ, ತಪ್ಪು ಯಾರ ಕಡೆ ವಾಲುತ್ತದೆ ಅನ್ನುವುದು ಅದರಲ್ಲೇ ಇದೆ. ಹಾಡು ಮುಂದೆ ಕೂದಲು ಕತ್ತರಿಸುವುದಕ್ಕೆ ಹೋಗುತ್ತದೆ. ಅದು ದಾವೀದನ ಕತೆಯೇ ಅಲ್ಲ, ನ್ಯಾಯಸ್ಥಾಪಕರು 16ನೇ ಅಧ್ಯಾಯದ ಸಂಸೋನ, ದೆಲೀಲಳ ಕತೆ. ಎರಡು ಕತೆ ಹೊಲಿದು ಒಂದು ಮಾಡಿ, ಪ್ರೀತಿಯಲ್ಲಿ ಸೋತ ಗಂಡಸಿನ ಹಾಡು ಮಾಡಿದ್ದಾರೆ. ಚೆಂದದ ಹಾಡು, ನನಗೆ ತುಂಬಾ ಇಷ್ಟ. ಆದರೆ ಹಾಗೆ ಹೊಲಿಯುವಾಗ ಒಬ್ಬ ಮನುಷ್ಯ ಪೂರ್ತಿ ಹೊರಗೆ ಉಳಿದ. ಬತ್ಷೆಬೆಯ ಗಂಡ ಊರೀಯ.

ಊರೀಯನ ಭಾಗ ನಿಧಾನ ಓದಿ. ರಾಜ ಅವನನ್ನು ಯುದ್ಧಭೂಮಿಯಿಂದ ಕರೆಸುತ್ತಾನೆ, ಮನೆಗೆ ಹೋಗು ಅನ್ನುತ್ತಾನೆ. ತನ್ನ ತಪ್ಪು ಮುಚ್ಚಿಹೋಗಲಿ ಅಂತ. ಅವನು ಹೋಗುವುದಿಲ್ಲ, ಜೊತೆಯವರು ಬಯಲಲ್ಲಿ ಮಲಗಿರುವಾಗ ನಾನು ಮನೆಗೆ ಹೇಗೆ ಹೋಗಲಿ ಅಂತ ಅರಮನೆ ಬಾಗಿಲಲ್ಲೇ ಮಲಗುತ್ತಾನೆ. ಮರುದಿನ ಕುಡಿಸುತ್ತಾರೆ, ಆಗಲೂ ಹೋಗುವುದಿಲ್ಲ. ಕೊನೆಗೆ ದಾವೀದ ಸೇನಾಪತಿ ಯೋವಾಬನಿಗೆ ಪತ್ರ ಬರೆಯುತ್ತಾನೆ: ಇವನನ್ನು ಕಾಳಗ ಬಿರುಸಾಗಿರುವ ಕಡೆ ನಿಲ್ಲಿಸಿ ನೀವೆಲ್ಲ ಹಿಂದೆ ಸರಿಯಿರಿ ಅಂತ. ಆ ಪತ್ರ ಕೊಟ್ಟು ಕಳಿಸಿದ್ದು ಊರೀಯನ ಕೈಯಲ್ಲೇ.

ಇದನ್ನು ಓದಿದ ಸಂಜೆ ನಮ್ಮಲ್ಲೊಬ್ಬರು, ಶಿರಸಿ ಕಡೆಯವರು, ಯಕ್ಷಗಾನ ಅಂದರೆ ಪ್ರಾಣ, ತಟ್ಟನೆ 'ಚಂದ್ರಹಾಸ!' ಅಂದರು. ಎಲ್ಲರಿಗೂ ಮೈ ಜುಂ ಅಂದಿತು. ಜೈಮಿನಿ ಭಾರತದ ಚಂದ್ರಹಾಸನೂ ತನ್ನ ಸಾವಿನ ಪತ್ರ ತಾನೇ ಹೊತ್ತು ಹೋಗುತ್ತಾನಲ್ವಾ? ಅವನು ತೋಟದಲ್ಲಿ ನಿದ್ದೆ ಹೋಗಿರುವಾಗ, ಆ ಪತ್ರ ಬರೆದ ಮಂತ್ರಿ ದುಷ್ಟಬುದ್ಧಿಯ ಮಗಳು ವಿಷಯೆ ಅದನ್ನು ಓದಿ, 'ವಿಷವ' ಅನ್ನುವಲ್ಲಿ ಒಂದಕ್ಷರ ತಿದ್ದಿ 'ವಿಷಯೆ' ಮಾಡುತ್ತಾಳೆ. ಸಾವಿನ ಪತ್ರ ಮದುವೆಯ ಪತ್ರ ಆಗುತ್ತದೆ. ಹ್ಯಾಮ್ಲೆಟ್ ನಾಟಕದಲ್ಲೂ ಪತ್ರ ಬದಲಾಗುತ್ತದೆ, ಹ್ಯಾಮ್ಲೆಟ್ ತಾನೇ ಬದಲಿಸುತ್ತಾನೆ. ಊರೀಯನ ಪತ್ರವನ್ನು ಮಾತ್ರ ಯಾರೂ ಬಿಚ್ಚುವುದಿಲ್ಲ, ಯಾರೂ ಅಕ್ಷರ ತಿದ್ದುವುದಿಲ್ಲ. ಅವನು ಸಾಯುತ್ತಾನೆ. ಮೂರು ಪತ್ರ ಪಕ್ಕಪಕ್ಕ ಇಟ್ಟು ನೋಡಿದ ಆ ಸಂಜೆ ನಾವು ರಾತ್ರಿ ಹತ್ತೂವರೆ ತನಕ ಎದ್ದಿರಲಿಲ್ಲ. 12ನೇ ಅಧ್ಯಾಯ ಬಿಡಬೇಡಿ. ಪ್ರವಾದಿ ನಾತಾನ ಬಂದು ರಾಜನಿಗೆ ಒಂದು ಕುರಿಮರಿಯ ಕತೆ ಹೇಳುತ್ತಾನೆ. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ, ನೀವೇ ಓದಿ.

ಇನ್ನೆರಡು ಜೋಡಿ ಹೇಳುತ್ತೇನೆ. ಆದಿಕಾಂಡ 4ರ ಕಾಯಿನ, ಹೇಬೆಲರ ಕತೆ ಹದಿನಾರು ವಚನದಲ್ಲಿ ಮುಗಿಯುತ್ತದೆ, ಅದಕ್ಕೆ ಸ್ಟೈನ್‌ಬೆಕ್ ಅವರ ಈಸ್ಟ್ ಆಫ್ ಈಡನ್, 1952ರದು, ದಪ್ಪ ಕಾದಂಬರಿ. ಹೆಸರು ಕೂಡ 16ನೇ ವಚನದಿಂದಲೇ ಬಂದದ್ದು. ಅದರಲ್ಲಿ ಲೀ ಅನ್ನುವ ಚೀನೀ ಮನೆಯಾಳು ಏಳನೇ ವಚನದ ಒಂದೇ ಹೀಬ್ರೂ ಮಾತು ಹಿಡಿದು ಕೂರುತ್ತಾನೆ. ಪಾಪವನ್ನು ನೀನು 'ಆಳುವೆ' ಅಂತಲೋ, 'ಆಳು' ಅಂತಲೋ, 'ಆಳಬಹುದು' ಅಂತಲೋ? ಒಂದು ಅನುವಾದ ಭರವಸೆ ಕೊಡುತ್ತದೆ, ಇನ್ನೊಂದು ಅಪ್ಪಣೆ ಮಾಡುತ್ತದೆ, ಮೂರನೆಯದು ಆಯ್ಕೆಯನ್ನು ನಿಮ್ಮ ಕೈಗೆ ಬಿಡುತ್ತದೆ. ಕನ್ನಡದಲ್ಲಿ ಕ್ರಿಯಾಪದದ ಬಾಲ ಬದಲಾದರೆ ಸಾಕು, ಮನುಷ್ಯನ ಹಣೆಬರಹವೇ ಬದಲಾಗುತ್ತದೆ ನೋಡಿ. ಹೀಬ್ರೂ ಬಲ್ಲವರೆಲ್ಲ ಲೀ ಹೇಳಿದ ಅರ್ಥ ಒಪ್ಪುವುದಿಲ್ಲ, ಅದು ನೆನಪಿರಲಿ, ಆದರೆ ಕಾದಂಬರಿ ನಿಂತಿರುವುದೇ ಆ 'ಬಹುದು' ಮೇಲೆ.

ಇನ್ನೊಂದು ದಾಸ್ತೊಯೆವ್‌ಸ್ಕಿ. ಅಪರಾಧ ಮತ್ತು ಶಿಕ್ಷೆಯಲ್ಲಿ ಕೊಲೆ ಮಾಡಿದ ರಸ್ಕಾಲ್ನಿಕೋವ್ ಸೋನ್ಯಾಳ ಕೋಣೆಗೆ ಬಂದು ಲಾಜರನ ಭಾಗ ಓದು ಅನ್ನುತ್ತಾನೆ, ಯೋಹಾನ 11. ಸತ್ತು ನಾಲ್ಕು ದಿನವಾದ ಲಾಜರನನ್ನು ಯೇಸು ಎಬ್ಬಿಸುವ ಭಾಗ. 'ನಾಲ್ಕು' ಅನ್ನುವಲ್ಲಿ ಸೋನ್ಯಾ ಒತ್ತಿ ಓದುತ್ತಾಳೆ. ಅವಳ ಕೈಯಲ್ಲಿರುವ ಆ ಹಳೇ ಪುಸ್ತಕ ಯಾರು ತಂದುಕೊಟ್ಟದ್ದು ಗೊತ್ತಾ? ಲಿಜವೇತಾ. ಅವನೇ ಕೊಡಲಿಯಿಂದ ಕೊಂದ ಹೆಂಗಸು. ಯೋಹಾನ 11 ಓದದೆ ಆ ಅಧ್ಯಾಯ ಓದಿದರೆ ಯಾರೋ ಪ್ರಾರ್ಥನೆ ಮಾಡುತ್ತಿದ್ದಾರೆ ಅನ್ನಿಸುತ್ತದೆ, ಓದಿಕೊಂಡು ಹೋದರೆ ಆ ಕೋಣೆಯಲ್ಲಿ ಸತ್ತವನು ಯಾರು ಅನ್ನುವುದು ಗೊತ್ತಾಗುತ್ತದೆ. ದಾಸ್ತೊಯೆವ್‌ಸ್ಕಿ ಕೈಗೂ ಒಂದು ಹೊಸ ಒಡಂಬಡಿಕೆ ಹೀಗೇ ಬಂದಿತ್ತು, 1850ರಲ್ಲಿ ಸೈಬೀರಿಯದ ಸೆರೆಗೆ ಒಯ್ಯುವಾಗ ದಾರಿಯಲ್ಲಿ ಕೆಲವು ಹೆಂಗಸರು ಕೊಟ್ಟದ್ದು, ಸಾಯುವ ತನಕ ಅದನ್ನು ಬಿಡಲಿಲ್ಲ.

ಬೆಂಗಳೂರಿನಿಂದ

ನಾನು ಸಿನಿಮಾದಿಂದ ಬಂದವನು. ಒಂದೇ ಎಚ್ಚರಿಕೆ: ಸಿನಿಮಾದಲ್ಲಿ ಪಾತ್ರ ವಚನದ ನಂಬರ್ ಹೇಳಿದ ಮಾತ್ರಕ್ಕೆ ನಂಬಬೇಡಿ. ಪಲ್ಪ್ ಫಿಕ್ಷನ್‌ನಲ್ಲಿ ಗುಂಡು ಹಾರಿಸುವ ಮೊದಲು ಯೆಹೆಜ್ಕೇಲ 25:17 ಅಂತ ಉದ್ದಕ್ಕೆ ಹೇಳುತ್ತಾರಲ್ಲ, ಅದು ನನಗೆ ಬಾಯಿಪಾಠವಾಗಿತ್ತು. ಬೈಬಲ್ ತೆಗೆದು ನೋಡಿದರೆ ಕೊನೆಯ ಭಾಗ ಮಾತ್ರ ಹೋಲುತ್ತದೆ, ಉಳಿದದ್ದು ಸಿನಿಮಾದ್ದು. ಬೇಜಾರಾಗಲಿಲ್ಲ, ಅದೇ ನೆಪದಲ್ಲಿ ಯೆಹೆಜ್ಕೇಲ ಓದಿದೆ. 37ನೇ ಅಧ್ಯಾಯದ ಒಣಗಿದ ಎಲುಬುಗಳ ಕಣಿವೆ ಇದೆಯಲ್ಲ, ಎಲುಬಿಗೆ ಎಲುಬು ಕೂಡಿ, ನರ ಬಂದು, ಮಾಂಸ ತುಂಬಿ ಎದ್ದು ನಿಲ್ಲುವುದು, ಯಾವ ಗ್ರಾಫಿಕ್ಸೂ ಅದರ ಮುಂದೆ ನಿಲ್ಲುವುದಿಲ್ಲ.

ಮ್ಯಾಟ್ರಿಕ್ಸ್ ನೋಡಿದ್ದರೆ ಅದರ ನಾಯಕರ ಹಡಗಿನ ಹೆಸರು ನೆಬುಕದ್ನೆಚ್ಚರ, ಬಾಬೆಲಿನ (ಬ್ಯಾಬಿಲಾನ್) ರಾಜನ ಹೆಸರು. ದಾನಿಯೇಲ 2 ಓದಿ. ಆ ರಾಜನಿಗೆ ಕನಸು ಬಿದ್ದು ನಿದ್ದೆ ಕೆಡುತ್ತದೆ, ಅರ್ಥ ಹೇಳಿದರೆ ಸಾಲದು, ನನಗೆ ಬಿದ್ದ ಕನಸು ಯಾವುದು ಅಂತಲೂ ನೀವೇ ಹೇಳಿ ಅಂತ ಪಂಡಿತರ ಕುತ್ತಿಗೆಗೆ ಕೂರುತ್ತಾನೆ. ಕನಸು ಯಾವುದು ನಿಜ ಯಾವುದು ಅನ್ನುವ ಸಿನಿಮಾಕ್ಕೆ ಎಷ್ಟು ಸರಿಯಾದ ಹೆಸರು!

ಮಂಗಳೂರಿನಿಂದ

ನಮ್ಮದು ಬಾಸೆಲ್ ಮಿಶನ್ ಕಾಲದಿಂದ ಬಂದ ಕ್ರೈಸ್ತ ಮನೆ. ರಾತ್ರಿ ಊಟಕ್ಕೆ ಮೊದಲು ಅಜ್ಜಿ ಸತ್ಯವೇದ ಓದುತ್ತಿದ್ದರು, ನಾವು ಮಕ್ಕಳು ಸುತ್ತ ಕೂರುತ್ತಿದ್ದೆವು. ಹಾಗಾಗಿ ಮೇಲಿನವರೆಲ್ಲ ಇಷ್ಟು ಪ್ರೀತಿಯಿಂದ ಓದಿದ್ದು ಕಂಡು ನಿಜಕ್ಕೂ ಖುಷಿಯಾಯಿತು. ನನ್ನ ಅನುಭವ ಒಂದು ಹಾಡಿನದು.

ಬೋನಿ ಎಂ. ಅವರ ರಿವರ್ಸ್ ಆಫ್ ಬ್ಯಾಬಿಲಾನ್, 1978ರದು. ನಮ್ಮ ಕಡೆ ಮದುವೆ ಮನೆಯಲ್ಲಿ ಅದಕ್ಕೆ ಕುಣಿಯದವರು ಇಲ್ಲ. ಅದು ಕೀರ್ತನೆ 137 ಅಂತ ನನಗೆ ಗೊತ್ತಿತ್ತು, ಆದರೂ ಕುಣಿದೆ. ಯೆರೂಸಲೇಮ್ ಹಾಳಾಗಿ, ಸೆರೆಯಾಗಿ ಬಾಬೆಲಿಗೆ ಹೋದವರು ನದಿ ದಡದಲ್ಲಿ ಕೂತು ಅಳುವ ಕೀರ್ತನೆ ಅದು. ಸೆರೆಹಿಡಿದವರು 'ನಿಮ್ಮ ಊರಿನ ಹಾಡು ಹಾಡಿ' ಅಂತ ಕೇಳುತ್ತಾರೆ. ಪರದೇಶದಲ್ಲಿ ಹೇಗೆ ಹಾಡಲಿ ಅಂತ ಇವರು ಕಿನ್ನರಿಗಳನ್ನು ಮರಕ್ಕೆ ತೂಗುಹಾಕಿದ್ದಾರೆ. ಹಾಡಲಾರೆ ಅನ್ನುವ ಹಾಡು! ಬೋನಿ ಎಂ.ಗೂ ಮೊದಲು ಇದನ್ನು ಹಾಡಿದವರು ಜಮೈಕಾದ ಮೆಲೋಡಿಯನ್ಸ್, 1970ರಲ್ಲಿ. ಅವರು ರಾಸ್ತಫಾರಿಗಳು, ಜಮೈಕಾದಲ್ಲಿ ಹುಟ್ಟಿದ ಒಂದು ಧಾರ್ಮಿಕ ಪಂಥದವರು. ಆಫ್ರಿಕಾದಿಂದ ಗುಲಾಮರಾಗಿ ಒಯ್ಯಲ್ಪಟ್ಟವರ ಮಕ್ಕಳಿಗೆ ಬಾಬೆಲ್ ಅಂದರೆ ಹಳೆಯ ಊರಲ್ಲ, ಈಗ ತಮ್ಮನ್ನು ಆಳುತ್ತಿರುವವರು. ಅದು ಗೊತ್ತಾದ ಮೇಲೆ ಆ ತಾಳ ನನಗೆ ಬೇರೆಯಾಗಿಯೇ ಕೇಳುತ್ತದೆ.

ಕೀರ್ತನೆಯ ಕೊನೆಯ ವಚನ ಹಾಡಿನಲ್ಲಿ ಇಲ್ಲ. ಶತ್ರುವಿನ ಎಳೆಕೂಸುಗಳನ್ನು ಬಂಡೆಗೆ ಅಪ್ಪಳಿಸುವವನೇ ಧನ್ಯ ಅನ್ನುವ ವಚನ. ಅಜ್ಜಿ ಅದನ್ನು ಬಿಡದೆ ಓದುತ್ತಿದ್ದರು, ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಿದ್ದರು. ನನಗೆ ಇವತ್ತಿಗೂ ಆ ವಚನ ಕಷ್ಟ. ನಿಮಗೂ ಕಷ್ಟವಾಗಲಿ ಅಂತ ಹೇಳುತ್ತಿದ್ದೇನೆ. ನಂಬಿಕೆ ಇರುವವರು ಅದನ್ನು ಮೆದು ಮಾಡಬಾರದು, ನಂಬಿಕೆ ಇಲ್ಲದವರು ಅದೊಂದನ್ನೇ ಹಿಡಿದು ಇಡೀ ಪುಸ್ತಕ ಹೀಗೇ ಅನ್ನಬಾರದು. ಪೂರ್ತಿ ಓದಿ ಅಷ್ಟೇ.

ಯಾವ ಅನುವಾದ ಅನ್ನುವುದಕ್ಕೆ: ಹಳೆಯ ಸತ್ಯವೇದದ ಕನ್ನಡಕ್ಕೆ ಒಂದು ಗತ್ತಿದೆ, ಗಟ್ಟಿಯಾಗಿ ಓದಿದರೆ ಗೊತ್ತಾಗುತ್ತದೆ. ಕತೆ ಬೇಗ ಹಿಡಿಯಬೇಕು ಅಂದರೆ ಸರಳ ಕನ್ನಡದ ಅನುವಾದ ತಗೊಳ್ಳಿ. ನನ್ನ ಮೇಜಿನ ಮೇಲೆ ಎರಡೂ ಇವೆ. ಕ್ಯಾಥೊಲಿಕರ ಬೈಬಲ್ಲಿನಲ್ಲಿ ತೋಬಿತ, ಯೂದಿತ ಅಂತ ಕೆಲವು ಪುಸ್ತಕ ಜಾಸ್ತಿ ಇರುತ್ತವೆ, ಚಿತ್ರಕಲೆ ನೋಡುವವರಿಗೆ ಯೂದಿತಳ ಕತೆ ಬೇಕೇಬೇಕು.

ಸಾಗರದಿಂದ

ಎಲ್ಲರೂ ಇಂಗ್ಲಿಷ್ ಕಡೆಯೇ ಹೋದಿರಿ, ಕನ್ನಡದಲ್ಲೂ ಇದೆ. ಮಂಜೇಶ್ವರದ ಗೋವಿಂದ ಪೈ ಅವರು ಯೇಸುವಿನ ಕೊನೆಯ ದಿನದ ಮೇಲೆ 'ಗೊಲ್ಗೊಥಾ' ಬರೆದಿದ್ದಾರೆ, ಬುದ್ಧನ ಕೊನೆಯ ದಿನಗಳ ಮೇಲೆ 'ವೈಶಾಖಿ' ಬರೆದವರೂ ಅವರೇ. ಮತ್ತಾಯ 27 ಓದಿ ಗೊಲ್ಗೊಥಾ ಹಿಡಿಯಿರಿ. ಭಾಷೆ ಗಡುಸು, ಎರಡು ಸಲ ಓದಬೇಕು. ಕಿಟ್ಟೆಲ್ ಅಂದರೆ ನಮಗೆಲ್ಲ 1894ರ ನಿಘಂಟು ಮಾತ್ರ ನೆನಪು, ಅವರು ಯೇಸುವಿನ ಕತೆಯನ್ನು ಕನ್ನಡ ಛಂದಸ್ಸಿನಲ್ಲಿ 'ಕಥಾಮಾಲೆ' ಅಂತ ಬರೆದಿದ್ದಾರೆ.

ನನ್ನದೇ ಒಂದು ಜೋಡಿ ಇದೆ. ಅಣೆಕಟ್ಟಿನ ನೀರಲ್ಲಿ ಮುಳುಗುವ ಊರಿನ ಬಗ್ಗೆ ನಾ. ಡಿಸೋಜ ಅವರು ಬರೆದ ಕಾದಂಬರಿ 'ದ್ವೀಪ' ಮತ್ತು ನೋಹನ ಜಲಪ್ರಳಯ, ಆದಿಕಾಂಡ 6ರಿಂದ 8. ಅವರು ನೋಹನನ್ನು ಮನಸ್ಸಿನಲ್ಲಿಟ್ಟು ಬರೆದರು ಅಂತ ನಾನು ಹೇಳುತ್ತಿಲ್ಲ. ಶರಾವತಿ ಹಿನ್ನೀರಿನ ಊರಿನವನು ನಾನು, ನನಗೆ ಎರಡನ್ನೂ ಬೇರೆಬೇರೆಯಾಗಿ ಓದಲು ಆಗುವುದಿಲ್ಲ. ನೋಹನಿಗೆ ಮುಂಚೆಯೇ ಹೇಳಿಕಳಿಸಿದರು, ನಾವೆಯ ಅಳತೆ ಕೊಟ್ಟರು, ಒಳಗೆ ಹೋದ ಮೇಲೆ ಬಾಗಿಲು ಮುಚ್ಚಿದ್ದು ಕೂಡ ದೇವರೇ. ಅಣೆಕಟ್ಟಿನ ನೀರು ಏರುವಾಗ ನಮ್ಮವರಿಗೆ ಬಂದದ್ದು ನೋಟೀಸು. ನೀರು ಇಳಿದು ಪಾರಿವಾಳ ಎಲೆ ತರುವ ದಿನವೂ ಇಲ್ಲಿ ಬರಲಿಲ್ಲ. 'ದ್ವೀಪ'ದ ಮೇಲೆ ಕಾಸರವಳ್ಳಿಯವರು ಮಾಡಿದ ಸಿನಿಮಾ, 2002ರದು, ಅದನ್ನೂ ನೋಡಿ, ಮಳೆಯ ಶಬ್ದ ಕೇಳಿ.

ಮತ್ತೆ ಮೈಸೂರಿನಿಂದ, ಮೂರು ವಾರದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಧಾರವಾಡದ ಸರ್ ಹೇಳಿದ ಹಾಗೆ ದಾವೀದನಿಂದಲೇ ಶುರುಮಾಡಿದೆ. ಹಾಸ್ಟೆಲಿನಲ್ಲಿ ನಾನು, ರೂಮ್‌ಮೇಟ್ ಇಬ್ಬರೂ ಗಟ್ಟಿಯಾಗಿ ಓದಿದೆವು. ಮಂಗಳೂರಿನ ಅಕ್ಕ ಹೇಳಿದ್ದು ನಿಜ, ಹಳೆಯ ಅನುವಾದ ಕಿವಿಗೆ ಬೇರೆಯೇ.

ನಾತಾನನ ಕತೆ ಓದಿದೆ ಸರ್. ಬಡವನಿಗೆ ಒಂದೇ ಕುರಿಮರಿ, ಅವನ ತಟ್ಟೆಯಲ್ಲೇ ತಿಂದು ಅವನ ಮಡಿಲಲ್ಲೇ ಮಲಗುವಂಥದ್ದು. ಹಿಂಡುಗಟ್ಟಲೆ ಇರುವ ಸಾಹುಕಾರ ಅದನ್ನೇ ಕಿತ್ತುಕೊಂಡು ನೆಂಟನಿಗೆ ಅಡುಗೆ ಮಾಡಿಸುತ್ತಾನೆ. ದಾವೀದ ಕೆಂಡವಾಗಿ ಅವನು ಸಾಯಬೇಕು ಅನ್ನುತ್ತಾನೆ. ನೀನೇ ಆ ಮನುಷ್ಯ ಅನ್ನುತ್ತಾನೆ ನಾತಾನ. ಅಲ್ಲಿಗೆ ನಿಲ್ಲಿಸಿ, ನೀವು ಹೇಳಿದ ಹಾಗೆ ಮತ್ತೆ 11ಕ್ಕೆ ಹೋದೆವು. ಆಗ ರೂಮ್‌ಮೇಟ್ ಒಂದು ತೋರಿಸಿದಳು. ಊರೀಯ ಸತ್ತ ಸುದ್ದಿ ತಂದ ಆಳಿಗೆ ದಾವೀದ ಏನು ಹೇಳುತ್ತಾನೆ ನೋಡಿ: ಯೋವಾಬನಿಗೆ ಚಿಂತೆ ಮಾಡಬೇಡ ಅನ್ನು, ಕತ್ತಿ ಇವನನ್ನೂ ತಿನ್ನುತ್ತದೆ ಅವನನ್ನೂ ತಿನ್ನುತ್ತದೆ ಅಂತ. ಮನುಷ್ಯ ಸತ್ತಾಗ ಇಷ್ಟು ತಣ್ಣಗೆ ಇದ್ದವನು, ಕತೆಯೊಳಗಿನ ಕುರಿಮರಿಗೆ ಅಷ್ಟು ಸಿಟ್ಟಾದ. ನಮಗೆ ಅದೇ ತಲೆಯಲ್ಲಿ ಕೂತಿದೆ. ಕತೆ ಹೇಳದೆ ನೇರವಾಗಿ ಬಯ್ದಿದ್ದರೆ ಅವನಿಗೆ ಸಿಟ್ಟೇ ಬರುತ್ತಿರಲಿಲ್ಲವೇನೋ.

ಮುಂದಿನ ವಾರ ಯೋಹಾನ 11. ಅವಳು ರಸ್ಕಾಲ್ನಿಕೋವನ ಮಾತು ಓದುತ್ತಾಳೆ, ನಾನು ಸೋನ್ಯಾಳದು.